ರೋಗಪತ್ತೆ ಪರೀಕ್ಷಾ ಸೇವೆಯ ಗುತ್ತಿಗೆ: ಶಿವಮೊಗ್ಗ ಮತ್ತು ಭದ್ರಾವತಿ

ಸಾರ್ವಜನಿಕರ ರಕ್ತ, ಕಫ, ಗಂಟಲದ್ರವ ಮುಂತಾದ ಮಾದರಿಗಳನ್ನು ತನ್ನ ಪ್ರಯೋಗಾಲಯದಲ್ಲೇ ಪರೀಕ್ಷಿಸಲು ಆಗದಿದ್ದಾಗ, ಅಥವಾ ಅಲ್ಲಿನ ಸಾಮರ್ಥ್ಯ ಸಾಲದೆ ಹೋದಾಗ, ಸರ್ಕಾರವೋ ನಗರಾಡಳಿತವೋ ಹೊರಗಿನ ಲ್ಯಾಬಿಗೆ ಹಣ ಕೊಟ್ಟು ಆ ಕೆಲಸ ಮಾಡಿಸಿಕೊಳ್ಳುವ ಕರಾರು. ರಸ್ತೆ, ಚರಂಡಿ, ಕಸ ಸಾಗಣೆಯ ಗುತ್ತಿಗೆಗಳಲ್ಲಿ ಪಳಗಿದ ಕಚೇರಿಗಳು ಇದನ್ನೂ ಅದೇ ಅಚ್ಚಿನಲ್ಲಿ ಎರೆಯುತ್ತವೆ: ಇಷ್ಟು ಪರೀಕ್ಷೆ, ಒಂದಕ್ಕೆ ಇಷ್ಟು ರೂಪಾಯಿ, ತಿಂಗಳ ಕೊನೆಗೆ ಬಿಲ್ಲು. ರಸ್ತೆಯಾದರೆ ಕೆಲಸ ಮುಗಿದ ಮೇಲೂ ಕಣ್ಣೆದುರಿಗೆ ಬಿದ್ದಿರುತ್ತದೆ. ಉದ್ದ ಅಳೆಯಬಹುದು, ಡಾಂಬರು ಕೆದಕಿ ನೋಡಬಹುದು. ಪರೀಕ್ಷೆ ಬಿಟ್ಟುಹೋಗುವುದು ಒಂದು ಸಾಲಿನ ವರದಿಯನ್ನು ಮಾತ್ರ. ಆ ಸಾಲು ತಡವಾಗಿ ಬಂದರೆ, ಅಥವಾ ಬಂದರೂ ಏನಾದರೂ ಮಾಡಬಲ್ಲವರ ಕೈಗೆ ಸೇರದಿದ್ದರೆ, ಪರೀಕ್ಷೆ ನಡೆದೂ ನಡೆಯದಂತೆಯೇ ಲೆಕ್ಕ. ಆದ್ದರಿಂದ ಇಂಥ ಗುತ್ತಿಗೆಯಲ್ಲಿ ಹಣ ಕೊಡಬೇಕಾದದ್ದು ಪರೀಕ್ಷೆಯ ಎಣಿಕೆಗಿಂತ ಹೆಚ್ಚಾಗಿ ಹೊತ್ತಿಗೆ ಸರಿಯಾಗಿ ತಲುಪುವ ವರದಿಗೆ. ಹಾಗೆ ಕೊಳ್ಳಲು ಸಾಧ್ಯವಾಗಬೇಕಾದರೆ ಕೊಳ್ಳುವವನ ಬಳಿಯೇ ತೂಗಿ ನೋಡಬಲ್ಲ ಒಂದು ಗಟ್ಟಿ ಲ್ಯಾಬ್ ಇರಬೇಕು. ಈ ಎರಡೂ ಮಾತಿಗೆ ಶಿವಮೊಗ್ಗ ಮತ್ತು ಅದರಿಂದ ಸುಮಾರು 18 ಕಿಲೋಮೀಟರ್ ದೂರದ ಭದ್ರಾವತಿ ಒಳ್ಳೆಯ ನಿದರ್ಶನ.

ಈ ಊರುಗಳಲ್ಲಿ ಕರಾರಿಗೆ ಸಹಿ ಹಾಕುವವರು ಯಾರು ಎಂಬುದೇ ಮೊದಲ ತೊಡಕು. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 12ನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿ ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿವೆ. ಶಿವಮೊಗ್ಗ ನಗರಸಭೆ 2013ರಲ್ಲಿ ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3.22 ಲಕ್ಷ, ಭದ್ರಾವತಿ ನಗರಸಭೆಯದು ಒಂದೂವರೆ ಲಕ್ಷದಷ್ಟು. ಆದರೆ ರೋಗಪತ್ತೆಯ ಸರಂಜಾಮು ಎರಡೂ ಕಡೆ ರಾಜ್ಯ ಸರ್ಕಾರದ ಕೈಯಲ್ಲಿದೆ: ಜಿಲ್ಲಾ ಆರೋಗ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ವೈದ್ಯಕೀಯ ಕಾಲೇಜಾದ ಸಿಮ್ಸ್, ಅದಕ್ಕೆ ಹೊಂದಿಕೊಂಡ ಮೆಗ್ಗಾನ್ ಆಸ್ಪತ್ರೆ. ಪಾಲಿಕೆಗೆ ಉಳಿದಿರುವುದು ಚರಂಡಿ, ಖಾಲಿ ನಿವೇಶನ, ಫಾಗಿಂಗ್ ಯಂತ್ರ. ರಕ್ತ ಒಂದು ಇಲಾಖೆಯದು, ಸೊಳ್ಳೆ ಇನ್ನೊಂದರದು ಎನ್ನುವಂಥ ಈ ಹಂಚಿಕೆ ಯಾರೂ ಕೂತು ಆಲೋಚಿಸಿ ಮಾಡಿದ್ದಲ್ಲ, ಕಾಲಕ್ರಮದಲ್ಲಿ ಹಾಗೆ ಬಂದು ನಿಂತದ್ದು. ಬೆಂಗಳೂರಿನಲ್ಲಿ ನಗರಾಡಳಿತಕ್ಕೇ ತನ್ನದೊಂದು ಆರೋಗ್ಯ ವಿಭಾಗ ಇದ್ದು, ಕೋವಿಡ್ ಕಾಲದಲ್ಲಿ ಪರೀಕ್ಷೆಯ ಭಾರವನ್ನು ಅದೇ ಬಹುಮಟ್ಟಿಗೆ ಹೊತ್ತಿತು. ಶಿವಮೊಗ್ಗದಂಥ ಊರುಗಳಿಗೆ ಆ ಸವಲತ್ತೂ ಇಲ್ಲ, ಆ ಹೊಣೆಯೂ ಇಲ್ಲ. 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ, ನಗರಗಳ ಸಣ್ಣ ಸರ್ಕಾರಿ ಚಿಕಿತ್ಸಾಲಯಗಳಾದ ನಮ್ಮ ಕ್ಲಿನಿಕ್‌ಗಳೂ, 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ ದೇಶಕ್ಕೆಲ್ಲ ಶಿಫಾರಸು ಮಾಡಿದ 70,051 ಕೋಟಿ ರೂಪಾಯಿಯೂ ಈ ಹಂಚಿಕೆಯ ಗೋಡೆಯಲ್ಲಿ ಒಂದು ಕಿಟಕಿ ತೆರೆದಿವೆ. ಆದರೆ ಕಿಟಕಿ ಬಾಗಿಲಾಗಿಲ್ಲ.

ಗುತ್ತಿಗೆಗೆ ಕೊಡಬಾರದ ಪರೀಕ್ಷೆ ಯಾವುದು ಎಂದು ಕೇಳಿದರೆ ಶಿವಮೊಗ್ಗ ಜಿಲ್ಲೆಯ ಬಳಿ ಸಿದ್ಧ ಉತ್ತರವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು, ಕಾಡಂಚಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮೊದಲು ಟೈಫಾಯಿಡ್ ಗುಂಪಿನ ಜ್ವರವೆಂದೂ, ಆಮೇಲೆ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂದೂ ಅನುಮಾನ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣುಗಿನಿಂದ ಹರಡುವ ಹೊಸದೊಂದು ವೈರಸ್ಸನ್ನು ಬೇರ್ಪಡಿಸಿ ತೋರಿಸಿದರು. ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ಬಿತ್ತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಡಿಸೆಂಬರ್‌ನಿಂದ ಮೇವರೆಗೆ, ತರಗೆಲೆ ಗುಡಿಸುವವರು, ಸೌದೆಗೆ ಹೋಗುವವರು, ದನ ಮೇಯಿಸುವವರು ಇದಕ್ಕೆ ತುತ್ತಾಗುತ್ತಾರೆ. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಮತ್ತೆ ಎದ್ದಾಗ ರಾಜ್ಯವೇ ಬೆಚ್ಚಿತು. ಈ ಪರೀಕ್ಷೆ ಯಾವ ಖಾಸಗಿ ಲ್ಯಾಬಿನ ದರಪಟ್ಟಿಗೂ ಸುಲಭವಾಗಿ ಹತ್ತುವಂಥದ್ದಲ್ಲ. ಪಶ್ಚಿಮಘಟ್ಟದ ಅಂಚಿನ ಕೆಲವೇ ತಾಲ್ಲೂಕುಗಳಿಗೆ, ವರ್ಷದ ಆರು ತಿಂಗಳಿಗೆ ಮಾತ್ರ, ಅದೂ ಹೆಚ್ಚಾಗಿ ಕೂಲಿಕಾರರಿಗೆ ಬೇಕಾದ ಪರೀಕ್ಷೆ. ಮಾಡುವವರ ಜೀವಕ್ಕೂ ಅಪಾಯವಿರುವುದರಿಂದ ವಿಶೇಷ ಎಚ್ಚರಿಕೆಯ ಏರ್ಪಾಡು ಬೇಕು. ಲಾಭದ ಲೆಕ್ಕ ಕೂಡುವುದಿಲ್ಲ. ಹಾಗಾಗಿಯೇ ಆರೋಗ್ಯ ಇಲಾಖೆ ಶಿವಮೊಗ್ಗದಲ್ಲಿ ವೈರಸ್ ರೋಗಪತ್ತೆ ಪ್ರಯೋಗಾಲಯವನ್ನು, ಸ್ಥಳೀಯರ ಮಾತಿನಲ್ಲಿ ವಿಡಿಎಲ್ ಅನ್ನು, ತಾನೇ ನಡೆಸಿಕೊಂಡು ಬಂದಿದೆ. ಇಲ್ಲಿ ಟೆಂಡರ್ ಕರೆಯುವುದೆಂದರೆ ಇಲ್ಲದ ಅಂಗಡಿಯ ಮುಂದೆ ಸಾಲು ನಿಂತ ಹಾಗೆ.

ಸರ್ಕಾರಿ ಲ್ಯಾಬ್ ವರ್ಷದ ಅರ್ಧ ಭಾಗ ಖಾಲಿ ಕೂತಿರುತ್ತದೆ, ಆ ಸಂಬಳ, ಆ ಯಂತ್ರ ದಂಡವಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಬೇರೆ ಜಿಲ್ಲೆಗಳಲ್ಲಿ ಈ ಮಾತಿಗೆ ಒಂದಿಷ್ಟು ತೂಕವಿರಬಹುದು. ಶಿವಮೊಗ್ಗದಲ್ಲಿ ರೋಗಗಳ ಪಂಚಾಂಗವೇ ಅದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತದೆ. ಮಂಗನ ಕಾಯಿಲೆ ಮೇ ತಿಂಗಳಲ್ಲಿ ಇಳಿಯುತ್ತದೆ, ಜೂನ್‌ನಲ್ಲಿ ಮುಂಗಾರಿನ ಜೊತೆ ಡೆಂಗ್ಯೂ, ಚಿಕೂನ್‌ಗುನ್ಯಾ ಏರುತ್ತವೆ, ಗದ್ದೆ ಕೆಲಸದ ಕಾಲಕ್ಕೆ ಇಲಿಜ್ವರ ಬರುತ್ತದೆ, ನವೆಂಬರ್ ಮುಗಿಯುವಷ್ಟರಲ್ಲಿ ಮತ್ತೆ ಉಣುಗಿನ ಕಾಲ. ರೋಗಕ್ಕೆ ತಕ್ಕ ಕಿಟ್ ಬದಲಾಗುತ್ತದೆ. ಯಂತ್ರವೂ ಅದನ್ನು ನಡೆಸುವ ತಂತ್ರಜ್ಞರ ಕೈಯೂ ಅವೇ. 2020ರ ಮಾರ್ಚ್‌ನಲ್ಲಿ ಕೋವಿಡ್ ಪರೀಕ್ಷೆಗೆ ರಾಜ್ಯದಲ್ಲಿ ಬೆರಳೆಣಿಕೆಯ ಲ್ಯಾಬುಗಳಿಗಷ್ಟೇ ಒಪ್ಪಿಗೆ ಇದ್ದಾಗ, ಬೆಂಗಳೂರು, ಮೈಸೂರು, ಹಾಸನಗಳ ಜೊತೆ ಶಿವಮೊಗ್ಗದ ಸಿಮ್ಸ್ ಕೂಡ ಆ ಪಟ್ಟಿಯಲ್ಲಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವೈರಾಣು ಪ್ರಯೋಗಾಲಯಗಳ ಜಾಲಕ್ಕೆ ಅದು ಮೊದಲೇ ಸೇರಿತ್ತು. ಮುಂದೆ ಮೇ 10ರಂದು, ಅದುವರೆಗೆ ಹಸಿರು ವಲಯದಲ್ಲಿದ್ದ ಜಿಲ್ಲೆಯಲ್ಲಿ ಅಹಮದಾಬಾದಿನಿಂದ ಮರಳಿದ 8 ಮಂದಿಗೆ ಸೋಂಕಿರುವುದು ಒಮ್ಮೆಲೇ ಗೊತ್ತಾದಾಗ, ಮಾದರಿಗಳನ್ನು 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊತ್ತೊಯ್ಯುವ ಸಂಕಟ ಇರಲಿಲ್ಲ. ಖಾಲಿ ಕೂತಿದೆ ಎಂದು ಯಾರಾದರೂ ಲೆಕ್ಕಪತ್ರ ನೋಡಿ ಆ ಲ್ಯಾಬಿಗೆ ಕತ್ತರಿ ಹಾಕಿದ್ದರೆ ಆ ವಾರ ಬೇರೆಯೇ ರೀತಿ ಕಳೆಯುತ್ತಿತ್ತು.

ಹಾಗೆಂದು ಹೊರಗಿನ ಲ್ಯಾಬ್ ಬೇಡವೇ ಬೇಡ ಎನ್ನಲಾಗದು. ಕೋವಿಡ್‌ನ ಅಲೆ ಏರಿದಾಗ ಯಾವ ಸರ್ಕಾರಿ ಲ್ಯಾಬಿಗೂ ಅದನ್ನು ಒಂಟಿಯಾಗಿ ತಾಳಿಕೊಳ್ಳಲು ಆಗಲಿಲ್ಲ. ಖಾಸಗಿಯವರು ಕೈಜೋಡಿಸದಿದ್ದರೆ ಇನ್ನಷ್ಟು ಜನ ವರದಿಗೆ ಕಾದು ಕೂರಬೇಕಾಗುತ್ತಿತ್ತು. ಆ ದಿನಗಳ ದರವೇ ಗುತ್ತಿಗೆ ಬರೆಯುವವರಿಗೆ ಒಂದು ಪಾಠ. 2020ರ ಮಾರ್ಚ್ 21ರಂದು ಸಂಶೋಧನಾ ಮಂಡಳಿ ಖಾಸಗಿ ಲ್ಯಾಬಿನ ಪರೀಕ್ಷೆಗೆ 4,500 ರೂಪಾಯಿ ಮಿತಿ ಹಾಕಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಎಲ್ಲರಿಗೂ ಉಚಿತವಾಗಿರಲಿ ಎಂದಿತು, 13ರಂದು ಅದನ್ನು ಬಡವರಿಗೆ ಸೀಮಿತಗೊಳಿಸಿತು. ಮೇ ಕೊನೆಗೆ ದರ ನಿಗದಿಯ ಹೊಣೆ ರಾಜ್ಯಗಳ ಹೆಗಲಿಗೆ ಬಂತು. ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ತಾನು ಕಳಿಸುವ ಮಾದರಿಗೆ 500 ರೂಪಾಯಿ, ಜನ ನೇರವಾಗಿ ಲ್ಯಾಬಿಗೆ ಹೋಗಿ ಕೊಡುವುದಕ್ಕೆ 800 ರೂಪಾಯಿ ಎಂದು ನಿಗದಿ ಮಾಡಿತು. ಒಂಬತ್ತೇ ತಿಂಗಳಲ್ಲಿ ಬೆಲೆ ಐದನೇ ಒಂದು ಭಾಗಕ್ಕೂ ಕೆಳಗಿಳಿದಿತ್ತು. ಕಿಟ್ಟುಗಳು ದೇಶದಲ್ಲೇ ತಯಾರಾದವು, ಪೈಪೋಟಿ ಹೆಚ್ಚಿತು, ಕೆಲಸ ಕೈಗೆ ಪಳಗಿತು. ಮೊದಲ ತಿಂಗಳ ದರದಲ್ಲಿ ವರ್ಷದ ಕರಾರು ಬರೆದವರು ಎಷ್ಟು ಕಳೆದುಕೊಳ್ಳುತ್ತಿದ್ದರೆಂದು ಲೆಕ್ಕ ಹಾಕಲು ಗಣಿತ ಪಂಡಿತರು ಬೇಕಿಲ್ಲ. ಹೊಸ ರೋಗದ ಪರೀಕ್ಷೆಗೆ ಕರಾರು ಮಾಡುವಾಗ ದರವನ್ನು ಪ್ರತಿ ತ್ರೈಮಾಸಿಕಕ್ಕೆ ಮರುನೋಡುವ ಷರತ್ತು ಇರಲೇಬೇಕು. ಹಳೆಯ ರೋಗಕ್ಕೆ ಅದರ ಅಗತ್ಯ ಅಷ್ಟಿಲ್ಲ.

ಎಣಿಕೆಗೆ ಹಣ ಕೊಟ್ಟರೆ ಎಣಿಕೆಯಷ್ಟೇ ಕೈಗೆ ಬರುತ್ತದೆ ಎಂಬುದಕ್ಕೆ 2021ರ ಹರಿದ್ವಾರದ ಕುಂಭಮೇಳಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ದಿನಕ್ಕೆ 50,000 ಪರೀಕ್ಷೆ ಮಾಡಬೇಕೆಂದು ಉತ್ತರಾಖಂಡ ಹೈಕೋರ್ಟ್ ಹೇಳಿತ್ತು. ಆಡಳಿತ ಖಾಸಗಿ ಸಂಸ್ಥೆಗಳಿಗೆ ಕೆಲಸ ವಹಿಸಿತು, ಪರೀಕ್ಷೆಗಿಷ್ಟು ಎಂದು ದರ ಕಟ್ಟಿತು. ಮೇಳಕ್ಕೆ ಹೋಗದ, ಮೂಗಿಗೆ ಕಡ್ಡಿಯನ್ನೇ ಮುಟ್ಟಿಸಿಕೊಳ್ಳದ ಪಂಜಾಬಿನ ಫರೀದ್‌ಕೋಟ್‌ನ ವ್ಯಕ್ತಿಯೊಬ್ಬರ ಮೊಬೈಲಿಗೆ ನಿಮ್ಮ ಪರೀಕ್ಷೆ ಆಗಿದೆ ಎಂಬ ಸಂದೇಶ ಬಂತು. ಅವರು ಸುಮ್ಮನಾಗದೆ ದೂರು ಕೊಟ್ಟರು. ಎಳೆ ಹಿಡಿದು ಹೋದಾಗ ಒಂದೇ ಫೋನ್ ನಂಬರಿಗೆ, ಒಂದೇ ವಿಳಾಸಕ್ಕೆ ಹತ್ತಾರು ಹೆಸರು ಜೋಡಿಸಿದ್ದು ಕಂಡಿತು. ಸುಮಾರು ಒಂದು ಲಕ್ಷ ಪರೀಕ್ಷೆಗಳು ಹುಸಿ ಎಂದು ಪ್ರಾಥಮಿಕ ತನಿಖೆ ಹೇಳಿತು. ಖಾಸಗಿ ಎಂದರೇ ಮೋಸ ಎಂಬ ತೀರ್ಮಾನವನ್ನು ಇದರಿಂದ ಎಳೆಯಬಾರದು. ಲ್ಯಾಬಿನ ಬಿಲ್ಲಿಗೂ ರೋಗಿಯ ಕೈಗೂ ನಡುವೆ ಕೊಂಡಿಯೇ ಇಲ್ಲದ ಕರಾರಿನಲ್ಲಿ ಯಾರಿದ್ದರೂ ಜಾರುವ ಆಸೆ ಹುಟ್ಟುತ್ತದೆ. ಅದೇ ವರ್ಷ ಬ್ರಿಟನ್ನಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಸರ್ಕಾರದ ಗುತ್ತಿಗೆ ಪಡೆದಿದ್ದ ಲ್ಯಾಬೊಂದು ಸೋಂಕಿದ್ದ ಸುಮಾರು 43,000 ಮಂದಿಗೆ ಸೋಂಕಿಲ್ಲ ಎಂದು ವರದಿ ಕೊಟ್ಟಿರಬಹುದೆಂದು ಅಲ್ಲಿನ ಆರೋಗ್ಯ ಸಂಸ್ಥೆಯೇ ಒಪ್ಪಿಕೊಂಡಿತು. ಬೇಗ ಮಾಡುವ ಪರೀಕ್ಷೆಯಲ್ಲಿ ಸೋಂಕಿದೆ ಎಂದು ಕಂಡವರಿಗೆ ಲ್ಯಾಬಿನಲ್ಲಿ ಇಲ್ಲ ಎಂಬ ಉತ್ತರ ಬರುತ್ತಿದ್ದುದನ್ನು ಕಂಡು ಜನ ಗೊಣಗಿದ ಮೇಲೆ ತಪ್ಪು ಬೆಳಕಿಗೆ ಬಂತು. ಅಲ್ಲಿ ಹಣವಿತ್ತು, ನಿಯಮವಿತ್ತು. ಕಳಿಸಿದ ಮಾದರಿಗಳಲ್ಲಿ ಒಂದಷ್ಟನ್ನು ಆರಿಸಿ ಬೇರೆ ಲ್ಯಾಬಿನಲ್ಲಿ ಮತ್ತೆ ನೋಡುವ ಎಚ್ಚರ ಸಾಲದಾಯಿತು. ಕರ್ನಾಟಕದಲ್ಲೂ ಕೋವಿಡ್ ಕಾಲದ ಖರೀದಿಗಳ ವಿಚಾರಣೆಗೆ 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ರಚನೆಯಾಗಿ, 2024ರ ಆಗಸ್ಟ್‌ನಲ್ಲಿ ಅದರ ಮೊದಲ ವರದಿ ಬಂದಿದೆ. ತರಾತುರಿಯಲ್ಲಿ ಕೊಂಡದ್ದಕ್ಕೆ ಲೆಕ್ಕ ಕೊಡುವ ದಿನ ಬಂದೇ ಬರುತ್ತದೆ.

ಕೋವಿಡ್ ಅಪರೂಪದ ಅತಿಥಿ. ಇಲ್ಲಿ ವರ್ಷವರ್ಷವೂ ತಲೆನೋವು ಕೊಡುವುದು ಡೆಂಗ್ಯೂ, ಮತ್ತು ವರದಿಯ ಗಡುವು ಎಷ್ಟಿರಬೇಕೆಂದು ಹೇಳಬಲ್ಲದ್ದು ಅದನ್ನು ಹರಡುವ ಈಡಿಸ್ ಸೊಳ್ಳೆ. ಸಿಮೆಂಟ್ ತೊಟ್ಟಿಯಲ್ಲೋ, ಟೈರಿನ ಒಳಗೆ ನಿಂತ ನೀರಿನಲ್ಲೋ ಇಟ್ಟ ಮೊಟ್ಟೆ ಹಾರುವ ಸೊಳ್ಳೆಯಾಗಲು 8ರಿಂದ 10 ದಿನ ಸಾಕು. ಸೋಂಕಿತನನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೆ ರೋಗ ದಾಟಿಸುವ ಸ್ಥಿತಿಗೆ ಬರಲು ಸುಮಾರು ಅಷ್ಟೇ ಕಾಲ. ಈ ಸೊಳ್ಳೆ ದೂರ ಹಾರುವುದಿಲ್ಲ. ಹುಟ್ಟಿದ ಮನೆಯ ಸುತ್ತಮುತ್ತ, ನೂರಿನ್ನೂರು ಮೀಟರ್ ಒಳಗೇ ಅದರ ಸಂಸಾರ. ಹಾಗಾಗಿ ಒಂದು ಮನೆಯ ರೋಗಿಯ ವರದಿ ಎರಡು ದಿನದಲ್ಲಿ ಪಾಲಿಕೆಯ ಆರೋಗ್ಯ ನಿರೀಕ್ಷಕರ ಕೈಗೆ ಬಂದರೆ ಅದೊಂದು ಬೀದಿಯ ಕೆಲಸ. ಹತ್ತು ದಿನಕ್ಕೆ ಬಂದರೆ ಒಂದು ವಾರ್ಡಿನ ಕೆಲಸ. ರೋಗಿಗೆ ತಡವಾದ ವರದಿಯಿಂದ ಹೆಚ್ಚಿನ ನಷ್ಟವಿಲ್ಲದಿರಬಹುದು, ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ಶುರು ಮಾಡಿರುತ್ತಾರೆ. ನಷ್ಟ ಪಕ್ಕದ ಮನೆಯವರಿಗೆ. ರೋಗಿ ತನ್ನ ಕಾಸಿನಲ್ಲಿ ಮಾಡಿಸಿಕೊಳ್ಳುವ ಪರೀಕ್ಷೆಗೂ ಊರಿನ ಹಣದಲ್ಲಿ ಮಾಡಿಸುವ ಪರೀಕ್ಷೆಗೂ ಇರುವ ವ್ಯತ್ಯಾಸ ಇದೇ: ಎರಡನೆಯದರ ಗಿರಾಕಿ ಪಕ್ಕದ ಮನೆಯವರು.

ಈಗ ಒಂದು ಮಾದರಿಯ ಹಾದಿಯನ್ನು ಹತ್ತಿರದಿಂದ ನೋಡಬಹುದು. ಭದ್ರಾವತಿಯಲ್ಲಿ ತೆಗೆದ ರಕ್ತವನ್ನು ಸ್ವಲ್ಪ ಹೊತ್ತು ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ಹಳದಿ ಸೀರಮ್ಮನ್ನು ಬೇರೆ ಕೊಳವೆಗೆ ಹಾಕಬೇಕು. ಹೆಸರು, ವಯಸ್ಸು, ಜ್ವರ ಬಂದು ಎಷ್ಟನೇ ದಿನ ಎಂಬುದನ್ನು ಚೀಟಿಯಲ್ಲಿ ಬರೆಯಬೇಕು. ಈ ಕೊನೆಯ ವಿವರ ಬಿಟ್ಟುಹೋದರೆ ಯಾವ ಪರೀಕ್ಷೆ ಮಾಡಬೇಕೆಂಬುದೇ ತಿಳಿಯದು: ಮೊದಲ ಐದು ದಿನದಲ್ಲಿ ವೈರಸ್ಸಿನ ಎನ್‌ಎಸ್1 ಅಂಶ ಸಿಗುತ್ತದೆ, ಆಮೇಲೆ ದೇಹ ಹುಟ್ಟಿಸಿದ ಐಜಿಎಂ ಪ್ರತಿಕಾಯ ನೋಡಬೇಕು. ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಕೊಳವೆ ಶಿವಮೊಗ್ಗಕ್ಕೆ ಬರುತ್ತದೆ. ಅಲ್ಲಿ ಎಲೈಸಾ ಪರೀಕ್ಷೆಯ ಪ್ಲೇಟಿನಲ್ಲಿ 96 ಗುಳಿ. ಅವನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ಬಳಸಬಹುದಾದರೂ ಪ್ರತಿ ಸಲವೂ ಸರಿತಪ್ಪು ನೋಡಲು ಕಂಟ್ರೋಲ್‌ಗಳನ್ನು ಹಾಕಲೇಬೇಕು; ಆರೇಳು ಮಾದರಿಗೆಂದು ಕಿಟ್ ತೆರೆದರೆ ಅರ್ಧ ದ್ರಾವಣ ಕಂಟ್ರೋಲಿಗೇ ಖರ್ಚು. ಹಾಗಾಗಿ ಮಾದರಿಗಳು ಒಂದಷ್ಟು ಕೂಡಲಿ ಎಂದು ಲ್ಯಾಬ್ ಕಾಯುತ್ತದೆ. ಶನಿವಾರ ಮಧ್ಯಾಹ್ನ ಬಂದದ್ದು ಸೋಮವಾರಕ್ಕೆ, ಸೋಮವಾರ ಕಡಿಮೆ ಇದ್ದರೆ ಬುಧವಾರಕ್ಕೆ. ಪರೀಕ್ಷೆ ನಡೆಯುವುದು ಕೆಲವೇ ತಾಸು, ಉಳಿದದ್ದೆಲ್ಲ ಕಾಯುವಿಕೆ. ಈ ಕಾಯುವಿಕೆಯನ್ನು ಕೊಂಡು ತೆಗೆಯುವುದೇ ಗುತ್ತಿಗೆಯ ನಿಜವಾದ ಉಪಯೋಗ. ಮಾದರಿ ಎಷ್ಟೇ ಇರಲಿ ದಿನಕ್ಕೊಮ್ಮೆ ಪ್ಲೇಟ್ ಹಾಕಲೇಬೇಕು, ಅದರಿಂದಾಗುವ ಕಿಟ್ಟಿನ ನಷ್ಟ ನಮ್ಮದು ಎಂದು ಕರಾರಿನಲ್ಲಿ ಬರೆದು ಅದಕ್ಕೆ ಹಣ ಕೊಡುವುದು, ಪರೀಕ್ಷೆಯ ದರದಲ್ಲಿ ಹತ್ತು ರೂಪಾಯಿ ಇಳಿಸಿಕೊಳ್ಳುವುದಕ್ಕಿಂತ ಲಾಭದ ವ್ಯವಹಾರ.

ಖಾಸಗಿ ಲ್ಯಾಬುಗಳು ಇದಕ್ಕಿಂತ ಬೇಗ ವರದಿ ಕೊಡುತ್ತವಲ್ಲ, ಒಂದೇ ಗಂಟೆಯಲ್ಲಿ ಕಾರ್ಡ್ ಟೆಸ್ಟ್ ಆಗುತ್ತದಲ್ಲ ಎಂದು ಕೇಳಬಹುದು. ನಿಜ. 2024ರ ಜುಲೈಯಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೆ ಎನ್‌ಎಸ್1 ಮತ್ತು ಐಜಿಎಂ ಎಲೈಸಾಗೆ ತಲಾ 300 ರೂಪಾಯಿ, ಕಾರ್ಡ್ ಟೆಸ್ಟಿಗೆ 250 ರೂಪಾಯಿ ಮಿತಿ ಹಾಕಿದ್ದರಿಂದ ಜನರಿಗೆ ಅನುಕೂಲವೂ ಆಯಿತು. ಆದರೆ ಸೊಳ್ಳೆಯಂಥ ಕೀಟಗಳು ಹರಡುವ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಡೆಂಗ್ಯೂ ಎಂದು ಎಣಿಸುವುದು ಎಲೈಸಾದಲ್ಲಿ ಖಚಿತವಾದದ್ದನ್ನು. ಕಾರ್ಡಿನಲ್ಲಿ ಕಂಡದ್ದು ಶಂಕಿತವಷ್ಟೇ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ವರದಿ ರೋಗಿಯ ವಾಟ್ಸಾಪಿಗೆ ಬರುತ್ತದೆ, ಬೀದಿಯ ವಿಳಾಸ ಪಾಲಿಕೆಗೆ ಬರುವುದಿಲ್ಲ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಲ್ಯಾಬುಗಳು ತುಂಬಬೇಕಾದ ಎಲ್ ಫಾರಂ ಇದೆ, ಈಗ ಅದು ಆನ್‌ಲೈನ್ ವೇದಿಕೆಗೂ ಹತ್ತಿದೆ. ತುಂಬಿದರೆ ಲ್ಯಾಬಿಗೆ ಸಿಗುವುದೇನೂ ಇಲ್ಲ, ತುಂಬದಿದ್ದರೆ ಕಳೆದುಕೊಳ್ಳುವುದೂ ಅಪರೂಪ. ಇಂಥ ಕಡೆ ಬರೀ ಆದೇಶ ಕೆಲಸ ಮಾಡುವುದಿಲ್ಲ ಎಂಬುದನ್ನು ಕ್ಷಯರೋಗದ ಕಾರ್ಯಕ್ರಮ ಕಷ್ಟಪಟ್ಟು ಕಲಿಯಿತು. 2012ರಲ್ಲಿ ಪ್ರತಿ ಕ್ಷಯರೋಗಿಯ ಮಾಹಿತಿ ಕೊಡುವುದನ್ನು ಕಡ್ಡಾಯ ಮಾಡಿದರು. ಖಾಸಗಿಯವರು ಮೊದಮೊದಲು ಅಲ್ಲಾಡಲಿಲ್ಲ. ಆಮೇಲೆ ರೋಗಿಯನ್ನು ನೋಂದಾಯಿಸಿದಾಗ 500 ರೂಪಾಯಿ, ಚಿಕಿತ್ಸೆ ಮುಗಿದ ಫಲ ತಿಳಿಸಿದಾಗ ಮತ್ತೆ 500 ರೂಪಾಯಿ ಕೊಡುವ ಏರ್ಪಾಡು ಬಂತು, ಬೆನ್ನು ಹತ್ತುವ ಜನರೂ ನೇಮಕವಾದರು. 2023ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 25.5 ಲಕ್ಷ ರೋಗಿಗಳಲ್ಲಿ 8.4 ಲಕ್ಷ ಖಾಸಗಿ ಕಡೆಯಿಂದ ಬಂದವರು. ಆ ಹಣ ಪರೀಕ್ಷೆಯ ಬೆಲೆಯಲ್ಲ, ಸುದ್ದಿಯ ಬೆಲೆ. ಶಿವಮೊಗ್ಗದ ಡೆಂಗ್ಯೂ ಕರಾರೂ ಹೀಗೆ ಎರಡು ಕಂತಿನದಾಗಬಹುದು: ಪರೀಕ್ಷೆ ಮಾಡಿದ್ದಕ್ಕೆ ಒಂದು ಪಾಲು, ವಿಳಾಸ ಸಮೇತ ವರದಿಯನ್ನು 48 ಗಂಟೆಯೊಳಗೆ ಆರೋಗ್ಯ ಇಲಾಖೆಗೂ ಪಾಲಿಕೆಗೂ ತಲುಪಿಸಿದ್ದಕ್ಕೆ ಇನ್ನೊಂದು ಪಾಲು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಕಾನೂನಿನದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999, ಅಧಿಕಾರಿಗಳ ಬಾಯಲ್ಲಿ ಬರೀ ಕೆಟಿಪಿಪಿ, ಕಡಿಮೆ ದರ ನಮೂದಿಸಿದವರಿಗೇ ಕೆಲಸ ಕೊಡಬೇಕೆನ್ನುತ್ತದೆ, ಸಮಯ ಸುದ್ದಿ ಎಂದೆಲ್ಲ ತೂಗಲು ಬಿಡದು ಎಂಬ ಮಾತು ಕಚೇರಿಗಳಲ್ಲಿ ಚಾಲ್ತಿಯಲ್ಲಿದೆ. ಇದು ಅರ್ಧ ಸತ್ಯ. ಕಡಿಮೆ ದರ ನೋಡುವುದು, ಅರ್ಹತೆ ತೂಗುವ ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ನಡುವೆ. ಆ ಲಕೋಟೆಯಲ್ಲಿ ಲ್ಯಾಬಿನ ಗುಣಮಟ್ಟ ಸಾರುವ ಎನ್‌ಎಬಿಎಲ್ ಮಾನ್ಯತೆ, ವರದಿಯ ಗಡುವು, ಭಾನುವಾರದ ಪಾಳಿ, ನೂರಕ್ಕೆ ಇಷ್ಟು ಮಾದರಿಯನ್ನು ಸಿಮ್ಸ್‌ನಲ್ಲಿ ಮರುಪರೀಕ್ಷೆಗೆ ಕಳಿಸುವ ಒಪ್ಪಿಗೆ, ಇವನ್ನೆಲ್ಲ ಕೇಳುವುದನ್ನು ಯಾವ ಕಲಮೂ ತಡೆದಿಲ್ಲ. ಕೇಳದೆ ಬಿಡುವುದು ಸೋಮಾರಿತನ. ಹಳೆಯ ಟೆಂಡರ್ ಪ್ರತಿಯಲ್ಲಿ ದಿನಾಂಕ ಬದಲಿಸಿ ಹೊಸದು ಮಾಡುವ ರೂಢಿ. ತುರ್ತಿನಲ್ಲಿ ಟೆಂಡರಿಲ್ಲದೆ ಕೊಳ್ಳಲು ಅಧಿನಿಯಮದ ಕಲಂ 4(ಎ) ವಿನಾಯಿತಿ ಇದ್ದೇ ಇದೆ, ಆದರೆ ಅದು ಘೋಷಿತ ವಿಪತ್ತಿಗೆ. ಪ್ರತಿ ಜೂನ್‌ನಲ್ಲೂ ಬರುವ ಡೆಂಗ್ಯೂವನ್ನು ಅನಿರೀಕ್ಷಿತ ಎನ್ನುವುದಕ್ಕೆ ಮುಖ ಗಟ್ಟಿಯಿರಬೇಕು.

ಎರಡನೆಯದು ಮಾರುಕಟ್ಟೆಯದು. ಇಷ್ಟು ಕಟ್ಟುನಿಟ್ಟು ಮಾಡಿದರೆ ಎರಡನೇ ದರ್ಜೆಯ ಊರಿನಲ್ಲಿ ಯಾರು ಟೆಂಡರ್ ಹಾಕುತ್ತಾರೆ, ಗಡುವು ತಪ್ಪಿದರೆ ದಂಡ ಎಂಬ ಷರತ್ತು ನೋಡಿಯೇ ಹಿಂದೆ ಸರಿಯುತ್ತಾರೆ ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಲ್ಯಾಬಿನವರನ್ನು ದಂಡಕ್ಕಿಂತ ಹೆಚ್ಚು ಹೆದರಿಸುವುದು ಬಾರದ ಬಿಲ್ಲು ಮತ್ತು ಖಾತ್ರಿಯಿಲ್ಲದ ಕೆಲಸ. ಮಾದರಿ ಬರಲಿ ಬಿಡಲಿ ತಿಂಗಳಿಗೆ ಇಷ್ಟು ಕನಿಷ್ಠ ಹಣ, ಬಿಲ್ಲು ಬಂದ 30 ದಿನದೊಳಗೆ ಪಾವತಿ ಎಂಬ ಎರಡು ಸಾಲು ಸೇರಿಸಿದರೆ ದಂಡದ ಸಾಲಿಗೂ ಅವರು ಸಹಿ ಹಾಕುತ್ತಾರೆ. ಜೊತೆಗೆ ಶಿವಮೊಗ್ಗ, ಭದ್ರಾವತಿ ಬೇರೆಬೇರೆಯಾಗಿ ಕರೆಯದೆ ಒಂದೇ ಟೆಂಡರ್ ಕರೆಯಬೇಕು. ಮಾದರಿಗಳ ಸಂಖ್ಯೆ ಕೂಡಿದಷ್ಟೂ 96 ಗುಳಿಯ ಪ್ಲೇಟ್ ಬೇಗ ತುಂಬುತ್ತದೆ.

ಭದ್ರಾವತಿಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಅಲ್ಲಿ ಸಾರ್ವಜನಿಕ ಪರೀಕ್ಷೆಯ ಬೇಡಿಕೆ ಬೆಳೆದದ್ದು ಜನಸಂಖ್ಯೆಯಿಂದ ಮಾತ್ರವಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಗೂ (ಮುಂದೆ ವಿಐಎಸ್‌ಎಲ್), 1930ರ ದಶಕದಲ್ಲಿ ಹುಟ್ಟಿದ ಕಾಗದ ಕಾರ್ಖಾನೆ ಎಂಪಿಎಂಗೂ ತಮ್ಮತಮ್ಮ ಆಸ್ಪತ್ರೆಗಳಿದ್ದವು. ಕಾರ್ಮಿಕರ ಮನೆಯವರಿಗೆ ಜ್ವರ ಬಂದರೆ ಹೋಗುತ್ತಿದ್ದುದು ಅಲ್ಲಿಗೆ. 2015ರಲ್ಲಿ ಎಂಪಿಎಂನ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿದ್ದು, ಹೋರಾಟದ ಬಳಿಕ ಅದೇ ವರ್ಷ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಕಂಪನಿಯ ನೆರಳಿನಲ್ಲಿ ಬೆಳೆದ ಊರಿನಲ್ಲಿ ಕಂಪನಿ ಕುಗ್ಗಿದರೆ ಅದು ಹೊರುತ್ತಿದ್ದ ಆರೋಗ್ಯದ ಭಾರ ಸದ್ದಿಲ್ಲದೆ ತಾಲ್ಲೂಕು ಆಸ್ಪತ್ರೆಗೆ ಜಾರುತ್ತದೆ. ನಗರಸಭೆಯ ಬಜೆಟ್ಟಿನಲ್ಲಿ ಅದಕ್ಕೊಂದು ಶೀರ್ಷಿಕೆಯೂ ಹುಟ್ಟುವುದಿಲ್ಲ. ಜಂಟಿ ಕರಾರಿನಲ್ಲಿ ಭದ್ರಾವತಿಯ ಪಾಲು ಎಷ್ಟೆಂದು ಹಂಚುವಾಗ ಬರೀ ತಲೆ ಎಣಿಸಿದರೆ ಸಾಲದು.

ಪಾಲಿಕೆಗೆ ಅಷ್ಟು ಪರಿಣತಿ ಎಲ್ಲಿದೆ, ಲ್ಯಾಬಿನ ಗುಣಮಟ್ಟ ನೋಡಲು ಅಲ್ಲಿ ಸೂಕ್ಷ್ಮಾಣುತಜ್ಞರಿದ್ದಾರೆಯೇ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಇಲ್ಲ. ಶಿವಮೊಗ್ಗದಲ್ಲಿ 2023ರ ನವೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವಾರ್ಡಿನ ದೂರು ಎತ್ತುವ ಸದಸ್ಯರೂ ಇಲ್ಲದೆ ಆಡಳಿತಾಧಿಕಾರಿಯ ಕೈಗೆ ಕೆಲಸ ಬಂತು. ಆದ್ದರಿಂದ ಕೊಳ್ಳುವವರು ಪಾಲಿಕೆಯೇ ಆಗಬೇಕೆಂಬ ಹಟ ಬೇಡ. ಜಿಲ್ಲಾ ಆರೋಗ್ಯಾಧಿಕಾರಿ ಕೊಳ್ಳಲಿ, ಸಿಮ್ಸ್ ಮತ್ತು ವಿಡಿಎಲ್ ತೂಗಿ ನೋಡಲಿ, ಪಾಲಿಕೆ ಆಯುಕ್ತರೂ ನಗರಸಭೆಯ ಪೌರಾಯುಕ್ತರೂ ವರದಿ ಪಡೆಯುವ ಪಕ್ಷಕಾರರಾಗಿ ಸಹಿ ಹಾಕಲಿ. ಸಹಿ ಹಾಕಿದವರಿಗೆ ವರದಿ ಬರಲಿಲ್ಲವೆಂದು ಕೇಳುವ ಹಕ್ಕು ಹುಟ್ಟುತ್ತದೆ. ವರದಿ ಬಂದ ಮೇಲೂ ಬೀದಿಗೆ ಯಾಕೆ ಯಾರೂ ಹೋಗಲಿಲ್ಲವೆಂದು ಅವರನ್ನು ಕೇಳುವ ಹಕ್ಕು ಊರಿಗೆ ಹುಟ್ಟುತ್ತದೆ. ಎರಡನೆಯದನ್ನು ನೆನೆದೇ ಬಹಳ ಕಡೆ ಸಹಿ ಹಾಕಲು ಹಿಂಜರಿಯುವುದೇನೋ.

ರೋಗಿಯ ಗುಟ್ಟಿನ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮ. ಡೆಂಗ್ಯೂ ಬಂದ ಮನೆಗೆ ಫಾಗಿಂಗ್ ಯಂತ್ರ ಬರಲು ಬಾಗಿಲ ನಂಬರ್ ಸಾಕು, ಹೆಸರು ಬೇಕಿಲ್ಲ. ಕ್ಷಯದ ವಿಚಾರದಲ್ಲಿ ಆರೋಗ್ಯ ಕಾರ್ಯಕರ್ತೆಗೆ ಗೊತ್ತಾದರೆ ಸಾಕು, ಪಾಲಿಕೆಗೆ ತಿಳಿಯಬೇಕಾದ್ದೇ ಇಲ್ಲ. ಎಚ್‌ಐವಿ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು 2017ರ ಕಾಯ್ದೆಯೇ ತಡೆದಿದೆ. 2020ರಲ್ಲಿ ಮನೆ ಬಾಗಿಲಿಗೆ ಚೀಟಿ ಅಂಟಿಸಿದ್ದರಿಂದ ಅಕ್ಕಪಕ್ಕದವರು ಹೇಗೆ ನಡೆದುಕೊಂಡರೆಂಬುದು ಯಾರಿಗೂ ಮರೆತಿಲ್ಲ. ಸಕ್ಷಮ ಪ್ರಾಧಿಕಾರದ ಆದೇಶವಿಲ್ಲದೆ ಅಂಥ ಚೀಟಿ ಅಂಟಿಸಬಾರದೆಂದು ಆ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಯಾವ ರೋಗದ ಯಾವ ವಿವರ ಯಾರಿಗೆ ಎಂಬ ಪುಟವೊಂದು ಕರಾರಿಗೆ ಅಂಟಿಕೊಂಡೇ ಇರಬೇಕು. ಅದಿಲ್ಲದ ಕರಾರು ಬೇಗ ವರದಿ ತಂದುಕೊಟ್ಟರೂ ಜನ ಪರೀಕ್ಷೆಗೇ ಬಾರದಂತೆ ಮಾಡುತ್ತದೆ.

ಇನ್ನು ಕಾಲದ ಲೆಕ್ಕ. ಕೆಟಿಪಿಪಿಯ 2000ದ ನಿಯಮಾವಳಿ ಟೆಂಡರ್ ಸಲ್ಲಿಸಲು ಮೂಲತಃ 2 ಕೋಟಿ ರೂಪಾಯಿವರೆಗಿನದಕ್ಕೆ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಇಟ್ಟಿತ್ತು. ಲಕೋಟೆ ತೆರೆಯಲು, ಪರಿಶೀಲಿಸಲು, ಮೇಲ್ಮನವಿ ಬಂದರೆ ಕೇಳಲು, ಕರಾರು ಬರೆಯಲು ಇನ್ನೆರಡು ತಿಂಗಳು. ಮಾದರಿ ಸಾಗಿಸುವ ವಾಹನ, ಸಿಬ್ಬಂದಿ ಅಣಿಯಾಗಲು ಒಂದು ತಿಂಗಳು. ಜೂನ್‌ನ ಮೊದಲ ಮಳೆಯಿಂದ ಹಿಂದಕ್ಕೆ ಎಣಿಸಿದರೆ ಡೆಂಗ್ಯೂ ಪರೀಕ್ಷೆಯ ಟೆಂಡರ್ ಪ್ರಕಟಣೆ ಹೊರಬೀಳಬೇಕಾದದ್ದು ಜನವರಿಯಲ್ಲಿ, ಮಂಗನ ಕಾಯಿಲೆಯ ಕಾವಿನ ನಡುವೆ, ಆರೋಗ್ಯ ಇಲಾಖೆಯ ಯಾರಿಗೂ ಡೆಂಗ್ಯೂ ನೆನಪೇ ಇರದ ತಿಂಗಳಲ್ಲಿ.